ಮೆಲುಕು ನಿಂತರೆ ಎಚ್ಚರ!

(ಆತಗೂರಿನಲ್ಲಿ ಹಾಲು ಉತ್ಪಾದಕರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಈ ದಿನ ನಾನು ಬೀಜ ಗೊಬ್ಬರಗಳ ವಿಷಯ ಎತ್ತುವುದಿಲ್ಲ. ನಿಮ್ಮ ಕೊಟ್ಟಿಗೆಯಲ್ಲಿ ಕಟ್ಟಿರುವ ಹಸುವಿನ ಹೊಟ್ಟೆಯ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಬಂದಿದ್ದೇನೆ.

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂದು ಹಿರಿಯರು ಹೇಳಿದ್ದಾರೆ. ಕಟ್ಟಿ ಮೇಯಿಸುವ ಹಸುವಿಗೆ ಈ ಎರಡು ಭಾಗ್ಯವೂ ಇಲ್ಲ. ಗೋದಲಿಗೆ ನಾವು ಹಾಕಿದ್ದೇ ಅದರ ಊಟ. ಹೊಟ್ಟೆ ಕೆಟ್ಟರೆ ಅದು ಬಾಯಿಬಿಟ್ಟು ಹೇಳಲಾರದು. ಆದುದರಿಂದ ಅದರ ಊಟವನ್ನೂ ನಾವೇ ಬಲ್ಲವರಾಗಬೇಕು, ಅದರ ಮಾತನ್ನೂ ನಾವೇ ತಿಳಿದುಕೊಳ್ಳಬೇಕು.

ಇದನ್ನು ನಾನು ಪುಸ್ತಕದಿಂದ ಕಲಿತದ್ದಕ್ಕಿಂತ ಒಂದು ತಪ್ಪಿನಿಂದ ಕಲಿತದ್ದು ಹೆಚ್ಚು. ಆ ತಪ್ಪನ್ನು ಮೊದಲು ನಿಮ್ಮ ಮುಂದೆ ಇಡುತ್ತೇನೆ.

ಎರಡು ವರ್ಷದ ಹಿಂದಿನ ಮಾತು. ಇಲ್ಲೇ ಸುತ್ತಿನ ಒಂದು ಹಳ್ಳಿಯಲ್ಲಿ ಮದುವೆಯಾಯಿತು. ಮಾರನೆಯ ದಿನ ಅನ್ನ, ಪಾಯಸ, ಒಬ್ಬಟ್ಟು ಬಹಳ ಮಿಕ್ಕಿತು. ಅನ್ನವನ್ನು ತಿಪ್ಪೆಗೆ ಸುರಿಯಬಾರದೆಂಬ ಭಾವನೆ ನಮ್ಮ ಜನರಲ್ಲಿ ಇದೆ. ಅದು ಒಳ್ಳೆಯ ಭಾವನೆಯೇ. ಮನೆಯವರು ಒಂದು ದೊಡ್ಡ ಬಾನಿ ತುಂಬ ಅನ್ನ ಪಾಯಸ ಕಲೆಸಿ ಹಸುವಿನ ಮುಂದಿಟ್ಟರು. ದಿನಕ್ಕೆ ಹನ್ನೆರಡು ಲೀಟರ್ ಹಾಲು ಕೊಡುತ್ತಿದ್ದ ಮಿಶ್ರತಳಿಯ ಹಸು ಅದು. ಅದನ್ನು ಕೊಂಡ ಸಾಲ ಇನ್ನೂ ತೀರಿರಲಿಲ್ಲ. ಹಸು ಸಂತೋಷದಿಂದ ಪೂರಾ ತಿಂದಿತು.

ಸಂಜೆ ನಾನು ಆ ಬೀದಿಯಲ್ಲಿ ಬರುತ್ತಿದ್ದೆ. ಆ ಮನೆಯ ಅಜ್ಜಿ ಕರೆದು, "ಹಸ ಯಾಕೋ ಮೆಲ್ಕಾಕ್ತಿಲ್ಲ ಕನಪ್ಪ, ವಸಿ ನೋಡು" ಎಂದರು. ನಾನು ಕೊಟ್ಟಿಗೆಯ ಬಾಗಿಲಲ್ಲೇ ನಿಂತು ನೋಡಿ, "ಹೊಟ್ಟೆ ತುಂಬ ತಿಂದಿದೆ ಅಜ್ಜಿ, ರಾತ್ರಿ ಕಳೆದರೆ ಅರಗುತ್ತದೆ" ಎಂದು ಹೇಳಿ ಹೊರಟುಹೋದೆ. ಬೆಳಿಗ್ಗೆ ಹಾಲು ಅರ್ಧಕ್ಕೆ ಇಳಿಯಿತು. ಮಧ್ಯಾಹ್ನ ನೊರೆನೊರೆಯಾದ ಹುಳಿವಾಸನೆಯ ಭೇದಿ. ಆ ರಾತ್ರಿ ಮಲಗಿದ ಹಸು ಮತ್ತೆ ಏಳಲಿಲ್ಲ. ಮೂರನೆಯ ಬೆಳಿಗ್ಗೆ ಪಶುವೈದ್ಯರನ್ನು ಕರೆತಂದರು. ವೈದ್ಯರು ಮಾಡಬೇಕಾದ್ದೆಲ್ಲ ಮಾಡಿದರು. ಆದರೆ ಹೊತ್ತು ಮೀರಿತ್ತು. ಅಜ್ಜಿ ನನ್ನನ್ನು ಬೈಯಲಿಲ್ಲ. "ಉಪಾಸ ಇದ್ದಿದ್ರೆ ಬದುಕ್ಕೊಂತಿತ್ತು, ನಾವೇ ಉಣ್ಸಿ ಕೊಂದ್ವಿ" ಎಂದಷ್ಟೇ ಹೇಳಿದರು.

ನಾನು ಕೃಷಿ ಡಿಪ್ಲೊಮಾ ಓದಿದವನು, ಪಶುವೈದ್ಯನಲ್ಲ. ಆದರೂ ಆ ಸಂಜೆ ಎರಡು ಪ್ರಶ್ನೆ ಕೇಳಬಹುದಾಗಿತ್ತು: ಹಸು ಏನು ತಿಂದಿತು? ಮೆಲುಕು ನಿಂತು ಎಷ್ಟು ಹೊತ್ತಾಯಿತು? ಇವೆರಡನ್ನು ಕೇಳಿ ಆಗಲೇ ವೈದ್ಯರಿಗೆ ತಿಳಿಸಿದ್ದರೆ ಹಸು ಉಳಿಯುವ ಸಂಭವ ಬಹಳವಿತ್ತು. ನನ್ನ ಇಂದಿನ ಮಾತಿನ ಸಾರವೆಲ್ಲ ಈ ಎರಡು ಪ್ರಶ್ನೆಗಳಲ್ಲೇ ಇದೆ.

ಹಸುವಿನ ಹೊಟ್ಟೆ ನಮ್ಮ ಹೊಟ್ಟೆಯಂತಲ್ಲ

ಹಸುವಿನ ಹೊಟ್ಟೆಗೆ ನಾಲ್ಕು ಕೋಣೆಗಳು. ಮೊದಲನೆಯದೇ ಎಲ್ಲಕ್ಕಿಂತ ದೊಡ್ಡದು; ಎಡಪಕ್ಕೆಯನ್ನೆಲ್ಲ ಅದೇ ತುಂಬಿಕೊಂಡಿರುತ್ತದೆ. ದೊಡ್ಡ ಹಸುವಿನಲ್ಲಿ ಅದು ನೂರು ಲೀಟರಿಗೂ ಮೀರಿ ಹಿಡಿಯುತ್ತದೆ. ಇದನ್ನು ಮೆಲುಕು ಚೀಲವೆಂದು ಕರೆಯೋಣ.

ಈ ಚೀಲದಲ್ಲಿ ಕಣ್ಣಿಗೆ ಕಾಣದ ಜೀವಾಣುಗಳು ವಾಸವಾಗಿವೆ. ಅದರ ರಸದ ಒಂದು ಮಿಲಿಲೀಟರಿನಲ್ಲಿ, ಎಂದರೆ ಸುಮಾರು ಇಪ್ಪತ್ತು ಹನಿಯಲ್ಲಿ, ಸಾವಿರ ಕೋಟಿಯಷ್ಟು ಜೀವಾಣುಗಳಿರುತ್ತವೆ. ಹುಲ್ಲನ್ನು ಕರಗಿಸುವ ಶಕ್ತಿ ಹಸುವಿಗೆ ಸ್ವತಃ ಇಲ್ಲ. ನಾವು ಹುಲ್ಲು ಹಾಕುತ್ತೇವೆ. ಈ ಜೀವಾಣುಗಳು ಅದನ್ನು ಹುಳಿಯಿಸಿ ಒಡೆಯುತ್ತವೆ. ಅವು ಬಿಟ್ಟುಕೊಟ್ಟ ಸಾರದಿಂದ ಹಸು ಬದುಕುತ್ತದೆ, ಹಾಲು ಕೊಡುತ್ತದೆ. ಹಸುವನ್ನು ಸಾಕುವುದೆಂದರೆ ಮೊದಲು ಈ ಜೀವಾಣುಗಳನ್ನು ಸಾಕುವುದೇ ಆಗಿದೆ.

ಇವುಗಳಲ್ಲಿ ಹುಲ್ಲನ್ನು ಒಡೆಯುವ ಪಂಗಡ ಬೇರೆ, ಅನ್ನ ಹಿಟ್ಟುಗಳನ್ನು ಒಡೆಯುವ ಪಂಗಡ ಬೇರೆ. ಎರಡೂ ತಕ್ಕ ಪ್ರಮಾಣದಲ್ಲಿದ್ದರೆ ಹೊಟ್ಟೆ ಸಮತೋಲದಲ್ಲಿದೆ ಎನ್ನುತ್ತೇವೆ. ಒಮ್ಮೆಗೇ ಬಾನಿಗಟ್ಟಲೆ ಅನ್ನ, ಹಿಟ್ಟು ಅಥವಾ ಬೆಲ್ಲ ಬಿದ್ದರೆ, ಅವುಗಳ ಮೇಲೆ ಬದುಕುವ ಪಂಗಡ ಕೆಲವೇ ಗಂಟೆಗಳಲ್ಲಿ ವಿಪರೀತ ಬೆಳೆದು ಆಮ್ಲವನ್ನು, ಎಂದರೆ ಹುಳಿಯನ್ನು, ಸುರಿಸುತ್ತದೆ. ಆ ಹುಳಿಗೆ ಹುಲ್ಲಿನ ಪಂಗಡ ಸಾಯುತ್ತದೆ. ಚೀಲದ ಚಲನೆ ನಿಲ್ಲುತ್ತದೆ. ಮೈಯಲ್ಲಿರುವ ನೀರೆಲ್ಲ ಹೊಟ್ಟೆಗೆ ಸೆಳೆದುಕೊಳ್ಳುತ್ತದೆ. ಹುಳಿ ರಕ್ತಕ್ಕೂ ಇಳಿಯುತ್ತದೆ. ಹೀಗೆ ಹೊಟ್ಟೆ ತುಂಬಿದ ಹಸು ಒಳಗೆ ನೀರಿಲ್ಲದೆ ಒಣಗಿ, ಕಾಲಲ್ಲಿ ಬಲವಿಲ್ಲದೆ ಕುಸಿಯುತ್ತದೆ. ಇದನ್ನು ಪಶುವೈದ್ಯರು ಆಮ್ಲೀಯ ಅಜೀರ್ಣವೆಂದು ಕರೆಯುತ್ತಾರೆ.

ಇದಕ್ಕೆ ತಡೆಯಾಗಿ ಪ್ರಕೃತಿ ಕೊಟ್ಟಿರುವುದೇ ಜೊಲ್ಲು. ಹುಲ್ಲು ತಿಂದು ಮೆಲುಕು ಹಾಕುವ ಹಸು ದಿನಕ್ಕೆ ನೂರು ಲೀಟರಿನಷ್ಟು ಜೊಲ್ಲನ್ನು ನುಂಗುತ್ತದೆ. ಆ ಜೊಲ್ಲಿನಲ್ಲಿ ನಮ್ಮ ಅಡಿಗೆ ಸೋಡದ ಜಾತಿಯ ಕ್ಷಾರವಿದೆ. ಅದು ಹುಳಿಯನ್ನು ಮುರಿಯುತ್ತದೆ. ಅನ್ನಕ್ಕೆ ಮೆಲುಕು ಬೇಕಿಲ್ಲ, ಮೆಲುಕಿಲ್ಲದಿದ್ದರೆ ಜೊಲ್ಲಿಲ್ಲ, ಜೊಲ್ಲಿಲ್ಲದಿದ್ದರೆ ಹುಳಿಗೆ ತಡೆಯಿಲ್ಲ. ಅಜ್ಜಿ ಮೆಲುಕನ್ನು ಮೊದಲು ಗಮನಿಸಿದ್ದು ಎಷ್ಟು ಸರಿಯೆಂಬುದು ಈಗ ನಿಮಗೆ ತಿಳಿದಿರಬಹುದು.

ದಿನವೂ ನೋಡಬೇಕಾದ ಗುರುತುಗಳು

ಇವನ್ನು ನೋಡಲು ಯಂತ್ರ ಬೇಡ, ಖರ್ಚಿಲ್ಲ. ಬೆಳಿಗ್ಗೆ ಸಂಜೆ ಹಾಲು ಕರೆಯುವಾಗ ಐದು ನಿಮಿಷ ಸಾಕು.

ಒಂದನೆಯದು ಮೆಲುಕು. ಆರೋಗ್ಯವಾದ ಹಸು ದಿನಕ್ಕೆ ಏಳೆಂಟು ಗಂಟೆ ಕಾಲ ಮೆಲುಕು ಹಾಕುತ್ತದೆ. ಒಂದೊಂದು ಉಂಡೆಯನ್ನೂ ಐವತ್ತು ಅರವತ್ತು ಸಲ ಅಗಿದು ನುಂಗುತ್ತದೆ. ಮೇದು ಮಲಗಿ ವಿಶ್ರಾಂತಿಯಲ್ಲಿರುವ ಹೊತ್ತಿನಲ್ಲೂ ದವಡೆ ಆಡದಿದ್ದರೆ ಅನುಮಾನ ಪಡಬೇಕು.

ಎರಡನೆಯದು ಎಡಪಕ್ಕೆ. ಕೊನೆಯ ಪಕ್ಕೆಲುಬಿನ ಹಿಂದೆ, ಸೊಂಟದ ಮೂಳೆಯ ಮುಂದೆ ಇರುವ ಗುಳಿಯಲ್ಲಿ ಮುಷ್ಟಿಯನ್ನು ಒತ್ತಿ ಹಿಡಿಯಿರಿ. ಒಳಗಿನ ಚೀಲ ಎರಡು ನಿಮಿಷದಲ್ಲಿ ಎರಡು ಮೂರು ಸಲ ಉರುಳಿ ನಿಮ್ಮ ಕೈಯನ್ನು ಹೊರಕ್ಕೆ ತಳ್ಳಬೇಕು. ಚಲನೆಯೇ ಇಲ್ಲದಿದ್ದರೆ ಕೆಲಸ ನಿಂತಿದೆ. ಒತ್ತಿದಾಗ ನೀರು ಕುಲುಕಿದಂತಾದರೆ ಹುಳಿಯ ಲಕ್ಷಣ. ಒತ್ತಿದ ಬೆರಳಿನ ಗುಳಿ ಕಲಸಿದ ಹಿಟ್ಟಿನಲ್ಲಿ ಉಳಿದಂತೆ ಉಳಿದರೆ ಹುಲ್ಲು ಗಟ್ಟಿಯಾಗಿ ಕೂತಿದೆ. ತಮಟೆಯಂತೆ ಬಿಗಿದಿದ್ದರೆ ಹೊಟ್ಟೆಯುಬ್ಬರ. ಅದಕ್ಕೆ ಒಂದು ಗಳಿಗೆಯೂ ತಡಮಾಡುವಂತಿಲ್ಲ.

ಮೂರನೆಯದು ಸಗಣಿ. ಒಳ್ಳೆಯ ಸಗಣಿ ನೆಲಕ್ಕೆ ಬಿದ್ದಾಗ ಹರಡಿ ಓಡದೆ, ಉಂಡೆಯೂ ಆಗದೆ, ಗಟ್ಟಿ ಅಂಬಲಿಯಂತೆ ಸುತ್ತುಸುತ್ತಾಗಿ ನಿಲ್ಲುತ್ತದೆ. ನೀರಾಗಿ, ನೊರೆಯಾಗಿ, ಹುಳಿವಾಸನೆ ಬಂದರೆ, ಅಥವಾ ಕಾಳುಗಳು ಹಾಗೆಹಾಗೇ ಕಂಡರೆ, ತಿಂಡಿ ಹೆಚ್ಚಾಗಿದೆ. ಕುದುರೆ ಲದ್ದಿಯಂತೆ ಒಣಗಿ ಗಟ್ಟಿಯಾಗಿ, ಮೇಲೆ ಲೋಳೆ ಮೆತ್ತಿದ್ದರೆ, ಬರೀ ಒಣಹುಲ್ಲಾಗಿದೆ ಅಥವಾ ನೀರು ಸಾಲದಾಗಿದೆ.

ನಾಲ್ಕನೆಯದು ಹಾಲಿನ ಚೀಟಿ. ಸಂಘದಲ್ಲಿ ಜಿಡ್ಡು ಮತ್ತು ಜಿಡ್ಡೇತರ ಘನಾಂಶ ನೋಡಿ ಹಣ ಕೊಡುತ್ತಾರೆ. ಹುಲ್ಲಿನ ಪಂಗಡ ಸೊರಗಿದರೆ ಹಾಲಿನ ಜಿಡ್ಡು ಇಳಿಯುತ್ತದೆ. ಮೂರೂವರೆಯ ಹತ್ತಿರವಿದ್ದ ಜಿಡ್ಡು ಮೂರಕ್ಕಿಂತ ಕೆಳಗೆ ಬಂದರೆ ಯಂತ್ರವನ್ನು ಬೈಯುವುದಕ್ಕೆ ಮೊದಲು ಗೋದಲಿಯನ್ನು ನೋಡಿ. ಎರಡು ಮೂರು ಹಸುಗಳ ಹಾಲು ಬೆರೆತರೆ ಯಾವುದರ ದೋಷವೆಂದು ತಿಳಿಯದು. ಆಗೊಮ್ಮೆ ಈಗೊಮ್ಮೆ ಒಂದೊಂದರ ಹಾಲನ್ನೂ ಬೇರೆಯಾಗಿ ಪರೀಕ್ಷೆ ಮಾಡಿಸಿ.

ಐದನೆಯದು ಮುಖ ಮತ್ತು ನಡೆ. ಮೂತಿಯ ಮೇಲೆ ತೇವವಿರಬೇಕು, ಕಣ್ಣು ಕಾಂತಿಯಾಗಿರಬೇಕು. ಕಣ್ಣು ಗುಳಿಬಿದ್ದರೆ ಮೈಯ ನೀರು ಹೋಗಿದೆ. ಹಲ್ಲು ಕಡಿಯುವುದು, ಕಾಲಿನಿಂದ ಹೊಟ್ಟೆಗೆ ಒದ್ದುಕೊಳ್ಳುವುದು, ನಡೆಯುವಾಗ ತೂರಾಡುವುದು ಇವೆಲ್ಲ ನೋವಿನ ಮಾತುಗಳು. ಹೊಟ್ಟೆಯ ಹುಳಿ ವಾಸಿಯಾದ ಮೇಲೂ ಕೆಲವು ಹಸುಗಳು ಗೊರಸು ನೊಂದು ಕುಂಟುತ್ತವೆ.

ಕೆಟ್ಟಾಗ ಏನು ಮಾಡಬೇಕು?

ಮೊದಲು ಗೋದಲಿಯಲ್ಲಿರುವ ಅನ್ನ, ಬೂಸ, ಹಿಂಡಿ, ಫೀಡು ಎಲ್ಲವನ್ನೂ ತೆಗೆದುಬಿಡಿ. ಒಣ ರಾಗಿಹುಲ್ಲನ್ನಾಗಲಿ ಬತ್ತದ ಹುಲ್ಲನ್ನಾಗಲಿ ಮುಂದೆ ಹಾಕಿ. ತಿಂದರೆ ಬಹಳ ಒಳ್ಳೆಯದು. ನಿಲ್ಲುವ ಶಕ್ತಿಯಿದ್ದರೆ ಆಗಾಗ ನಿಧಾನವಾಗಿ ನಡೆಸಿ. ಅನ್ನ, ಹಿಟ್ಟು ವಿಪರೀತ ತಿಂದಿರುವ ಹಸುವಿಗೆ ಒಮ್ಮೆಗೇ ಬಕೆಟ್ಟುಗಟ್ಟಲೆ ನೀರು ಕುಡಿಯಬಿಡಬೇಡಿ. ಸ್ವಲ್ಪಸ್ವಲ್ಪವಾಗಿ ಕೊಡಿ, ವೈದ್ಯರು ಬಂದು ಹೇಳಿದಂತೆ ನಡೆಯಿರಿ.

ಕೂಡಲೇ ಪಶುವೈದ್ಯರಿಗೆ ತಿಳಿಸಿ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ಎಂಬ ಸಂಖ್ಯೆಗೆ ಫೋನು ಮಾಡಬಹುದು. ಫೋನಿನಲ್ಲಿ "ಹಸುವಿಗೆ ಹುಷಾರಿಲ್ಲ" ಎಂದಷ್ಟೇ ಹೇಳಿದರೆ ಸಾಲದು. ಏನು ತಿಂದಿದೆ, ಎಷ್ಟು ತಿಂದಿದೆ, ಎಷ್ಟು ಹೊತ್ತಿಗೆ ತಿಂದಿದೆ, ಮೆಲುಕು ಯಾವಾಗ ನಿಂತಿತು, ಸಗಣಿ ಹೇಗಿದೆ, ನಿಂತಿದೆಯೋ ಮಲಗಿದೆಯೋ ಎಂಬ ಆರು ಸಂಗತಿಗಳನ್ನು ಹೇಳಿ. ಅನ್ನ ಪಾಯಸವನ್ನು ಹೊಟ್ಟೆ ತುಂಬ ತಿಂದ ಹಸು ಆ ಹೊತ್ತಿನಲ್ಲಿ ಚೆನ್ನಾಗಿಯೇ ಕಂಡರೂ ತಿಳಿಸಿ. ಲಕ್ಷಣ ಕಾಣಲು ಅರ್ಧ ದಿನದಿಂದ ಒಂದೂವರೆ ದಿನ ಹಿಡಿಯಬಹುದು. ಚಿಕಿತ್ಸೆ ಫಲಿಸುವ ಹೊತ್ತು ಅದೇ.

ಅಡಿಗೆ ಸೋಡದ ವಿಷಯವಾಗಿ ಎಲ್ಲರೂ ಕೇಳುತ್ತಾರೆ. ಅನ್ನ ಹಿಟ್ಟು ತಿಂದು ಹುಳಿಯಾಗಿದ್ದರೆ ಸೋಡ ಒಳ್ಳೆಯ ಮದ್ದೇ. ಕಾಯಿಲೆ ಹಗುರವಾಗಿದ್ದಲ್ಲಿ ದೊಡ್ಡ ಹಸುವಿಗೆ ಸುಮಾರು 100 ಗ್ರಾಂ ಸೋಡವನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿ ಕುಡಿಸುವುದುಂಟು. ಅದನ್ನೂ ವೈದ್ಯರನ್ನು ಕೇಳಿಯೇ ಕೊಡಿ. ಏಕೆಂದರೆ ಎಲ್ಲ ಅಜೀರ್ಣವೂ ಹುಳಿಯಿಂದಲೇ ಆಗುವುದಿಲ್ಲ. ಜಗಲಿಯ ಮೇಲಿಟ್ಟ ಯೂರಿಯಾ ಚೀಲವನ್ನು ಹಸು ನೆಕ್ಕಿದರೆ, ಅಥವಾ ಗೊಬ್ಬರ ಕರಗಿಸಿದ ನೀರನ್ನು ಕುಡಿದರೆ, ಹೊಟ್ಟೆಯಲ್ಲಿ ಕ್ಷಾರ ಹೆಚ್ಚುತ್ತದೆ. ಒಂದು ಗಂಟೆಯೊಳಗೇ ಹೊಟ್ಟೆ ಉಬ್ಬಿ, ಬಾಯಲ್ಲಿ ನೊರೆ ಬಂದು, ಮೈ ನಡುಗುತ್ತದೆ. ಅಲ್ಲಿ ಬೇಕಾದದ್ದು ವಿನಿಗರಿನಂಥ ಹುಳಿ ಮತ್ತು ತಣ್ಣೀರು; ಸೋಡ ಕೊಟ್ಟರೆ ಉರಿಯುವ ಬೆಂಕಿಗೆ ಎಣ್ಣೆ ಹೊಯ್ದಂತೆ. ಅದಕ್ಕೇ ನಾನು ಹೇಳುವುದು: ಯಾವ ಮದ್ದು ಎಂದು ಕೇಳುವ ಮೊದಲು ಏನು ತಿಂದಿತು ಎಂದು ಕೇಳಿ.

ಗೊಟ್ಟ ಹಿಡಿಯುವವರಿಗೆ ಒಂದು ಎಚ್ಚರಿಕೆ. ಹಸುವಿನ ಮೂತಿಯನ್ನು ಆಕಾಶಕ್ಕೆ ಎತ್ತಿ, ನಾಲಗೆ ಹೊರಕ್ಕೆ ಎಳೆದು ಸುರಿದರೆ ಔಷಧ ಶ್ವಾಸಕೋಶಕ್ಕೆ ಇಳಿಯುತ್ತದೆ. ಹೊಟ್ಟೆಯ ಕಾಯಿಲೆಯಿಂದ ಉಳಿಯಬಹುದಾಗಿದ್ದ ಹಸು ಎದೆಯ ಕಾಯಿಲೆಯಿಂದ ಸಾಯುತ್ತದೆ. ತಲೆ ನೇರವಾಗಿರಲಿ, ಗುಟುಕು ಗುಟುಕಾಗಿ ಕುಡಿಸಿ, ಕೆಮ್ಮಿದರೆ ತಕ್ಷಣ ನಿಲ್ಲಿಸಿ. ಏಳಲಾರದೆ ಮಲಗಿರುವ ಹಸುವಿಗೆ ಗೊಟ್ಟ ಹಾಕಲೇಬಾರದು.

ಹುಳಿ ಇಳಿದ ಮೇಲೆ ಹೊಟ್ಟೆಯ ಜೀವಾಣುಗಳನ್ನು ಮತ್ತೆ ನೆಲೆಗೊಳಿಸಬೇಕು. ಒಳ್ಳೆಯ ಹಸುವಿನ ಮೆಲುಕು ಚೀಲದ ರಸವನ್ನು ವೈದ್ಯರು ಕೊಳವೆಯಿಂದ ತೆಗೆದು ಕಾಯಿಲೆ ಹಸುವಿನ ಹೊಟ್ಟೆಗೆ ಬಿಡುವುದುಂಟು. ಹಾಲಿಗೆ ಹೆಪ್ಪು ಹಾಕುವಂಥ ಕೆಲಸ ಇದು. ನಾವು ಮಾಡಬೇಕಾದ್ದು ಇಷ್ಟು: ಮೂರು ನಾಲ್ಕು ದಿನ ಹುಲ್ಲು ಮಾತ್ರ ಕೊಟ್ಟು, ಮೆಲುಕು ಚೆನ್ನಾಗಿ ಬಂದ ಮೇಲೆ ಒಂದೊಂದು ಹಿಡಿಯಿಂದ ತಿಂಡಿಯನ್ನು ಆರಂಭಿಸಿ, ಎರಡು ದಿನಕ್ಕೊಮ್ಮೆ ಕಾಲು ಕಿಲೋದಂತೆ ಏರಿಸಬೇಕು. ಹಾಲು ಇಳಿದಿದೆಯೆಂದು ಅವಸರದಿಂದ ಫೀಡು ಸುರಿದರೆ ಕಾಯಿಲೆ ಮರುಕಳಿಸುತ್ತದೆ.

ಸಮತೋಲ ಕೆಡದಂತೆ ನಡೆಯುವ ದಾರಿ

ಹೊಟ್ಟೆ ಕೆಡುವುದು ಮದುವೆ ಮನೆಯ ಅನ್ನದಿಂದ ಮಾತ್ರವಲ್ಲ. ನಮ್ಮ ಮದ್ದೂರು ಸೀಮೆಯಲ್ಲಿ ಕಬ್ಬು ಕಡಿಯುವ ಕಾಲಕ್ಕೆ ಸೋಗೆ ಬೇಕಾದಷ್ಟು ಸಿಗುತ್ತದೆ. ಆಗ ಬೆಳಗಿನಿಂದ ರಾತ್ರಿಯವರೆಗೆ ಸೋಗೆಯೇ. ಸೋಗೆ ಹೊಟ್ಟೆ ತುಂಬಿಸುತ್ತದೆ, ಆದರೆ ಅದರಲ್ಲಿ ಸಸಾರಜನಕ ಬಹಳ ಕಡಿಮೆ. ಸುಣ್ಣದ ಅಂಶವನ್ನು ಮೈಗೆ ಹತ್ತದಂತೆ ಹಿಡಿದಿಡುವ ಒಂದು ವಸ್ತುವೂ ಅದರಲ್ಲಿದೆ. ಬೇಸಗೆಯಲ್ಲಿ ಬರೀ ಬತ್ತದ ಹುಲ್ಲಾದರೆ ಜೀವಾಣುಗಳಿಗೇ ಹಸಿವು. ಹುಲ್ಲು ಕರಗದೆ ಕೂರುತ್ತದೆ. ಮಳೆ ಬಿದ್ದ ಮೇಲೆ ಎಳೆಯ ಅಲಸಂದೆ, ಕುದುರೆ ಮಸಾಲೆ ಸೊಪ್ಪನ್ನು ಇಬ್ಬನಿಯ ಸಮೇತ ಹೊಟ್ಟೆ ತುಂಬ ಹಾಕಿದರೆ ಉಬ್ಬರ. ಅತಿಯಾದರೆ ಅಮೃತವೂ ವಿಷ. ಬರಿದಾದರೆ ಹುಲ್ಲೂ ಹೊರೆ.

ದಾರಿ ಯಾವುದೆಂದರೆ ಬೆರಕೆ. ಸೋಗೆಯ ಜೊತೆಗೆ ಅಲಸಂದೆಯನ್ನೋ ಕುದುರೆ ಮಸಾಲೆಯನ್ನೋ ಸೇರಿಸಿ. ಹಸಿಸೊಪ್ಪನ್ನು ಒಂದೆರಡು ಗಂಟೆ ಬಾಡಿಸಿ ಒಣಹುಲ್ಲಿನ ಜೊತೆಗೆ ಕೊಡಿ. ನೇಪಿಯರ್ ಹುಲ್ಲು, ಮೇವಿನ ಮುಸುಕಿನ ಜೋಳ ಇವನ್ನು ನೀರಿರುವ ಕಡೆ ಎರಡು ಗುಂಟೆಯಲ್ಲಾದರೂ ಹಾಕಿಕೊಳ್ಳಿ. ಮಂಡ್ಯದ ವಿ. ಸಿ. ಫಾರಂನಲ್ಲಿ ಮೇವಿನ ಬೆಳೆಗಳ ಸಂಶೋಧನೆ ನಡೆಯುತ್ತದೆ. ಅಲ್ಲಿಗೆ ಹೋದಾಗ ನೋಡಿ, ಕೇಳಿ ತಿಳಿಯಿರಿ. ಮೇವನ್ನು ಒಂದು ಅಂಗುಲದಷ್ಟು ಕತ್ತರಿಸಿದರೆ ಸಾಕು. ಹಿಟ್ಟಿನಂತೆ ಸಣ್ಣಗೆ ಮಾಡಿದರೆ ಮೆಲುಕಿಗೆ ಏನೂ ಉಳಿಯದು.

ಸುಮಾರು 400 ಕಿಲೋ ತೂಗುವ, ದಿನಕ್ಕೆ 10 ಲೀಟರ್ ಹಾಲು ಕೊಡುವ ಮಿಶ್ರತಳಿ ಹಸುವಿಗೆ ಒಂದು ಲೆಕ್ಕ ಹೇಳುತ್ತೇನೆ. ಹಸಿಮೇವು 25 ಕಿಲೋ, ಒಣಹುಲ್ಲು 4 ಕಿಲೋ, ಸಮತೋಲ ಪಶು ಆಹಾರ 5 ಕಿಲೋ, ಖನಿಜ ಮಿಶ್ರಣ 50 ಗ್ರಾಂ. ಈ 5 ಕಿಲೋ ತಿಂಡಿಯನ್ನು ಒಮ್ಮೆಗೇ ಇಡದೆ ಮೂರು ಪಾಲು ಮಾಡಿ, ಮೊದಲು ಸ್ವಲ್ಪ ಹುಲ್ಲು ತಿನ್ನಿಸಿ ಆಮೇಲೆ ಕೊಡಿ. ಆರೋಗ್ಯವಾದ ಹಸುವಿಗೆ ಒಳ್ಳೆಯ ನೀರು ಸದಾ ಮುಂದಿರಲಿ. ಕರೆಯುವ ಒಂದು ಲೀಟರ್ ಹಾಲಿಗೆ ನಾಲ್ಕು ಲೀಟರ್ ನೀರಾದರೂ ಬೇಕು, ಮೈಯ ಪಾಲಿನದು ಬೇರೆ.

ಮೇವನ್ನಾಗಲಿ ತಿಂಡಿಯನ್ನಾಗಲಿ ಬದಲಿಸುವಾಗ ಹದಿನೈದು ದಿನ ತೆಗೆದುಕೊಳ್ಳಿ. ಹಳೆಯದನ್ನು ಸ್ವಲ್ಪಸ್ವಲ್ಪ ಇಳಿಸುತ್ತ ಹೊಸದನ್ನು ಸ್ವಲ್ಪಸ್ವಲ್ಪ ಏರಿಸಿ. ಹೊಟ್ಟೆಯೊಳಗಿನ ಪಂಗಡಗಳು ಹೊಸ ಊಟಕ್ಕೆ ಹೊಂದಿಕೊಳ್ಳಲು ಅಷ್ಟು ಕಾಲ ಬೇಕು. ಹೊಸದಾಗಿ ಕೊಂಡು ತಂದ ಹಸುವಿಗೂ ಇದೇ ನಿಯಮ. ಮಾರಿದವರು ಏನು ಹಾಕುತ್ತಿದ್ದರೆಂದು ಕೇಳಿಕೊಂಡು ಬನ್ನಿ.

ಮೇವು ಸರಿಯಿದ್ದೂ ಹಸು ಪದೇಪದೇ ಮೇವು ಬಿಡುತ್ತಿದ್ದರೆ ಬೇರೆ ಕಾರಣ ಹುಡುಕಬೇಕು. ಮೊಳೆ, ತಂತಿ ನುಂಗಿರಬಹುದು. ಪ್ಲಾಸ್ಟಿಕ್ ಕವರು ತುಂಬಿಕೊಂಡಿರಬಹುದು. ಮಿಕ್ಕ ಅನ್ನವನ್ನು ಕವರಿನಲ್ಲಿ ಗಂಟುಕಟ್ಟಿ ರಸ್ತೆಗೆಸೆಯುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಗದ್ದೆ ಬದುಗಳಲ್ಲಿ, ಕೆರೆಯಂಗಳದಲ್ಲಿ ಮೇಯುವ ದನಗಳಿಗೆ ಬಸವನಹುಳುವಿನ ಮೂಲಕ ಈಲಿಹುಳು ಸೇರುತ್ತದೆ. ಗದ್ದದ ಕೆಳಗೆ ನೀರು ತುಂಬಿ ಜೋತುಬಿದ್ದರೆ ಅದರ ಗುರುತು. ಸಗಣಿ ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದ ಜಂತುನಾಶಕವನ್ನೇ ಕೊಡಿ.

ಕೊನೆಯದಾಗಿ, ಮಿಕ್ಕ ಅನ್ನವನ್ನು ಏನು ಮಾಡುವುದೆಂದು ನೀವು ಕೇಳಬಹುದು. ದಿನದ ಅಡಿಗೆಯಲ್ಲಿ ಮಿಕ್ಕ ಒಂದು ಹಿಡಿ ಅನ್ನ, ಒಂದು ತುಂಡು ಮುದ್ದೆಯನ್ನು ಕಲಗಚ್ಚಿನ ಜೊತೆಗೆ ಕೊಟ್ಟರೆ ಯಾವ ಅಪಾಯವೂ ಇಲ್ಲ. ನಮ್ಮ ಅಜ್ಜಿಯರು ಕೊಟ್ಟುಕೊಂಡೇ ಬಂದರು. ಅಪಾಯ ಬಾನಿಯಲ್ಲಿದೆ. ಮದುವೆ, ಹಬ್ಬ, ತಿಥಿಗಳಲ್ಲಿ ಮಿಕ್ಕಿದ್ದನ್ನು ಊರಿನವರಿಗೆ ಹಂಚಿ. ಹಳಸಿದ್ದನ್ನು ಗೊಬ್ಬರದ ಗುಂಡಿಗೆ ಹಾಕಿ ಮಣ್ಣು ಮುಚ್ಚಿ. ಅದು ಅನ್ನಕ್ಕೆ ಅಗೌರವವಲ್ಲ. ಮುಂದಿನ ಬೆಳೆಗೆ ಗೊಬ್ಬರವಾಗಿ ಮತ್ತೆ ಅನ್ನವೇ ಆಗುತ್ತದೆ. ಆ ದಿನ ಮನೆಯಲ್ಲಿ ನೆಂಟರಿಷ್ಟರ ಗಲಾಟೆ ಇರುತ್ತದೆ. ಆದುದರಿಂದ ಹಸುವಿಗೆ ಏನು ಹಾಕಬೇಕು, ಯಾರು ಹಾಕಬೇಕು ಎಂಬುದನ್ನು ಒಬ್ಬರಿಗೆ ಒಪ್ಪಿಸಿಬಿಡಿ. ಪ್ರೀತಿಯಿಂದ ಹತ್ತು ಕೈ ಹಾಕಿದ ಒಬ್ಬಟ್ಟು ಹಸುವಿನ ಪ್ರಾಣಕ್ಕೆ ಬರುತ್ತದೆ.

ಇಂದು ರಾತ್ರಿ ಊಟವಾದ ಮೇಲೆ ಒಂದು ಕೆಲಸ ಮಾಡಿ. ಕೊಟ್ಟಿಗೆಗೆ ಹೋಗಿ ಎರಡು ನಿಮಿಷ ಸುಮ್ಮನೆ ನಿಲ್ಲಿ. ದವಡೆ ಆಡುತ್ತಿದೆಯೇ ನೋಡಿ, ಎಡಪಕ್ಕೆಯ ಮೇಲೆ ಮುಷ್ಟಿಯಿಡಿ. ನಿಮ್ಮ ಹಸುವಿನ ಹೊಟ್ಟೆ ಚೆನ್ನಾಗಿರುವಾಗ ಹೇಗಿರುತ್ತದೆಂದು ಕೈಗೆ ಗೊತ್ತಾದರೆ, ಕೆಟ್ಟ ದಿನ ಅದೇ ಕೈ ನಿಮಗೆ ಹೇಳುತ್ತದೆ. ಮನೆಯ ಹಿರಿಯರು "ಮೆಲುಕು ಹಾಕುತ್ತಿಲ್ಲ" ಎಂದರೆ ಹಗುರವಾಗಿ ತಳ್ಳಿಹಾಕಬೇಡಿ. ನಾನು ಒಮ್ಮೆ ತಳ್ಳಿಹಾಕಿದೆ. ಈಗ ಯಾರು ಕರೆದರೂ ಬಾಗಿಲಲ್ಲಿ ನಿಲ್ಲದೆ ಒಳಗೆ ಬಂದು ಮುಷ್ಟಿಯಿಟ್ಟು ನೋಡುತ್ತೇನೆ.